ವಾಚಿಕಾಭಿನಯದ ಸ್ಥಾನತ್ರಯವೂ ದೇಹಲಗ್ನ ಧ್ವನಿಗ್ರಾಹಕವೂ

ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂದು ಅಭಿನಯವು ನಾಲ್ಕು ತೆರನಾಗಿರುವುದಷ್ಟೆ. ಇವುಗಳಲ್ಲಿ ವಾಚಿಕವನ್ನು ಭರತಮುನಿಯು ನಾಟ್ಯದ ಶರೀರವೆಂದೇ ಗಣಿಸಿ, ಉಳಿದ ಮೂರೂ ವಾಕ್ಯಾರ್ಥವನ್ನು ವ್ಯಂಜಿಸುವುದಕ್ಕೆ ನೆರವಾಗುವುವೆಂದು ವಿಧಿಸಿರುವನು. ಆದುದರಿಂದ ನಟನ ನಾಲಗೆಗೂ ಪ್ರೇಕ್ಷಕನ ಕಿವಿಗೂ ನಡುವೆ ಹೊಸದೊಂದು ಉಪಕರಣವು ಬಂದು ನಿಂತಾಗ, ಅದು ಬರಿಯ ಸೌಕರ್ಯದ ಮಾತೆಂದು ವಿದ್ವಾಂಸರು ಉದಾಸೀನರಾಗಿರುವುದು ತರವಲ್ಲ. ಮಾತು ಕೇಳಿಸುವ ಬಗೆ ಬದಲಾದರೆ ಮಾತಿನ ಅರ್ಥವೂ ಬದಲಾಗುವುದೇ ಎಂಬುದು ಯಂತ್ರಜ್ಞರಿಗೆ ಮಾತ್ರ ಬಿಡತಕ್ಕ ಪ್ರಶ್ನೆಯಲ್ಲ. ಅಲಂಕಾರಶಾಸ್ತ್ರವನ್ನು ಓದಿದವರೂ ಓದಿಸುವವರೂ ವಿಚಾರಿಸಬೇಕಾದ ಪ್ರಶ್ನೆಯೇ ಆಗಿರುವುದು.

ವಿಚಾರಕ್ಕೆ ವಿಷಯವಾಗಿರುವ ಉಪಕರಣವು ಇದು. ಜನರು ಮೈಕು ಎಂದು ಕರೆಯುವ ಧ್ವನಿಗ್ರಾಹಕವು ಕಡಲೆಕಾಳಿನಷ್ಟು ಕಿರಿದಾಗಿ ನಟನ ಕೆನ್ನೆಗೋ, ಹಣೆಯ ಅಂಚಿಗೋ, ಎದೆಯ ಉಡುಪಿಗೋ ಅಂಟಿಕೊಂಡಿರುವುದು. ಅದರಿಂದ ಹೊರಟ ಸಣ್ಣ ತಂತಿಯು ಸೊಂಟದಲ್ಲಿ ಅಡಗಿಸಿದ ಪೆಟ್ಟಿಗೆಯೊಂದಕ್ಕೆ ಸೇರಿ, ಅಲ್ಲಿಂದ ಮುಂದೆ ದನಿಯು ತಂತಿಯ ಹಂಗಿಲ್ಲದೆ ರೇಡಿಯೋ ತರಂಗವಾಗಿ ಸಾಗಿ, ದೂರದಲ್ಲಿ ಕುಳಿತ ಧ್ವನಿನಿಯಾಮಕನ ಯಂತ್ರವನ್ನು ಮುಟ್ಟುವುದು. ಅವನು ಹದಮಾಡಿ ಬಿಟ್ಟ ದನಿಯು ರಂಗದ ಎಡಬಲಗಳಲ್ಲಿರುವ ಧ್ವನಿವರ್ಧಕಗಳಿಂದ ಹೊರಬೀಳುವುದು. ಪಾಶ್ಚಾತ್ಯ ದೇಶಗಳ ಗೀತನಾಟಕಗಳಲ್ಲಿ ೧೯೬೦ರ ದಶಕದಿಂದೀಚೆಗೆ ಈ ಪದ್ಧತಿಯು ಕ್ರಮಕ್ರಮವಾಗಿ ಬೇರೂರಿತು. ಕನ್ನಡ ನಾಡಿನಲ್ಲಿಯೂ ದೊಡ್ಡ ಸಭೆಗಳ ಪ್ರದರ್ಶನಗಳಲ್ಲಿ ಇದು ಬಳಕೆಗೆ ಬಂದಿರುವುದು. ಈ ಸಾಧನದಲ್ಲಿ ಒಂದು ವೈಚಿತ್ರ್ಯವುಂಟು: ವೇಷಭೂಷಣಗಳಲ್ಲಿ ಅಡಗಿರುವುದರಿಂದ ಇದು ನೋಟಕ್ಕೆ ಆಹಾರ್ಯದ ಭಾಗ; ಆದರೆ ಆಳುವುದು ಮಾತ್ರ ವಾಚಿಕವನ್ನು.

ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ನಗರದ ಸೀಮೆಗಿಂತ, ಎಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಪ್ರದೇಶಕ್ಕಿಂತ, ತಕ್ಕ ಕ್ಷೇತ್ರವು ಸುಲಭವಾಗಿ ದೊರೆಯಲಾರದು. ಕೆಳದಿ, ಇಕ್ಕೇರಿ, ಬಿದನೂರುಗಳಲ್ಲಿ ಆಳಿದ ನಾಯಕರ ವಂಶದ ಬಸವಪ್ಪನಾಯಕನು ೧೭೦೯ರಲ್ಲಿ ರಚಿಸಿದ ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ಕೋಶಗ್ರಂಥದಲ್ಲಿ ಸಂಗೀತನೃತ್ಯಗಳಿಗೂ ಎಡೆಯುಂಟು. ಆ ಬಿದನೂರೇ ಇಂದಿನ ನಗರ. ಘಟ್ಟದ ಕೆಳಗಿನ ಮಂದಾರ್ತಿಯಂಥ ಮೇಳಗಳು ಮೇಲೇರಿ ಬಂದು ಈ ಸೀಮೆಯ ಗದ್ದೆಬಯಲುಗಳಲ್ಲಿ ಹರಕೆಯ ಆಟವನ್ನು ಆಡುವ ರೂಢಿಯು ಹಳೆಯದು. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ೧೯೪೯ರಲ್ಲಿ ಹುಟ್ಟಿದ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವು ೧೯೭೨ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರವನ್ನು ಪಡೆದು, ೧೯೮೦ರಲ್ಲಿ ನಟಶಿಕ್ಷಣದ ಶಾಲೆಯನ್ನು ತೆರೆದು, ೧೯೮೫ರಿಂದ ತಿರುಗಾಟವೆಂಬ ಹೆಸರಿನಲ್ಲಿ ನಾಡಿನ ಊರೂರಿಗೆ ನಾಟಕಗಳನ್ನು ಒಯ್ದಿತು. ಹೀಗೆ ಬಯಲಿನ ರಂಗಸ್ಥಳವೂ ಗೋಡೆಯುಳ್ಳ ನಾಟ್ಯಗೃಹವೂ ಒಂದೇ ಸೀಮೆಯಲ್ಲಿ ಪಕ್ಕಪಕ್ಕದಲ್ಲಿಯೇ ಬಾಳುತ್ತಿರುವುದರಿಂದ, ಒಂದಕ್ಕೆ ಒಪ್ಪುವ ನ್ಯಾಯವು ಮತ್ತೊಂದಕ್ಕೂ ಒಪ್ಪುವುದೇ ಎಂಬುದನ್ನು ಇಲ್ಲಿ ಒರೆಗೆ ಹಚ್ಚಿ ನೋಡಬಹುದು.

ಮೊದಲು ಶಾಸ್ತ್ರವು ಹೇಳುವುದೇನು ಎಂಬುದನ್ನು ನೋಡತಕ್ಕುದು. ನಾಟ್ಯಶಾಸ್ತ್ರದ ದ್ವಿತೀಯಾಧ್ಯಾಯದಲ್ಲಿ ಮಂಟಪಗಳ ಅಳತೆಯನ್ನು ಹೇಳುವಾಗ, ಮನುಷ್ಯರ ಪ್ರಯೋಗಕ್ಕೆ ೬೪ ಹಸ್ತ ಉದ್ದ, ೩೨ ಹಸ್ತ ಅಗಲವಿರುವ ಮಂಟಪವೇ ಯುಕ್ತವೆಂದು ವಿಧಿಸಲ್ಪಟ್ಟಿದೆ. ಹಸ್ತವೆಂದರೆ ಒಂದೂವರೆ ಅಡಿಯೆಂದು ಎಣಿಸಿದರೆ ಇದು ೯೬ ಅಡಿಗೆ ೪೮ ಅಡಿಯಾಗುವುದು. ಇದಕ್ಕಿಂತ ಹಿರಿದಾಗಿ ಕಟ್ಟಿದಲ್ಲಿ ಉಚ್ಚರಿಸಿದ ಪಾಠ್ಯವು ಸ್ಫುಟತೆಯನ್ನು ಕಳೆದುಕೊಂಡು ವಿಸ್ವರವಾಗುವುದೆಂದೂ, ಮುಖದ ಮೇಲಣ ಭಾವವು ದೂರದವರಿಗೆ ಅವ್ಯಕ್ತವಾಗುವುದೆಂದೂ ಕಾರಣವನ್ನು ಕೊಟ್ಟಿರುವನು. ಮಂಟಪವು ಬೆಟ್ಟದ ಗುಹೆಯ ಆಕಾರದಲ್ಲಿದ್ದು, ಕಿಟಕಿಗಳು ಕಿರಿದಾಗಿ, ಗಾಳಿಯ ಹೊಡೆತವಿಲ್ಲದೆ ಇರಬೇಕೆಂಬ ವಿಧಿಯ ಉದ್ದೇಶವೂ ದನಿಯ ಗಾಂಭೀರ್ಯವೇ. ಕಿವಿಗೂ ಕಣ್ಣಿಗೂ ಒಂದೇ ಎಲ್ಲೆಯನ್ನು ಹಾಕಿರುವುದು ಇಲ್ಲಿ ಗಮನಾರ್ಹವು. ಧ್ವನಿವರ್ಧಕವು ಕಿವಿಯ ಎಲ್ಲೆಯನ್ನು ಮಾತ್ರ ದಾಟಿಸುವುದು. ಕಣ್ಣಿನ ಎಲ್ಲೆಯು ಇದ್ದಲ್ಲಿಯೇ ಇರುವುದು. ೩೦೦ ಅಡಿ ದೂರದಲ್ಲಿ ಕುಳಿತವನಿಗೆ ನಟನ ನಿಟ್ಟುಸಿರು ಕೇಳಿಸಿ, ಅದೇ ನಟನ ಹುಬ್ಬು ಕಾಣದಿದ್ದರೆ, ಸಾತ್ತ್ವಿಕವು ಅರ್ಧದಲ್ಲಿಯೇ ನಿಂತಂತಾಯಿತು.

ಇದಕ್ಕಿಂತಲೂ ಮುಖ್ಯವಾದುದು ಸ್ಥಾನವಿಚಾರ. ಪಾಠ್ಯಗುಣಗಳನ್ನು ನಿರೂಪಿಸುವಾಗ ಭರತನು ಉರಸ್ಸು, ಕಂಠ, ಶಿರಸ್ಸು ಎಂಬ ಮೂರು ಸ್ಥಾನಗಳನ್ನು ಹೇಳಿ, ದೂರದಲ್ಲಿರುವವನನ್ನು ಕರೆಯುವಾಗ ಶಿರಃಸ್ಥಾನದಿಂದಲೂ, ಬಹುದೂರವಲ್ಲದವನೊಡನೆ ಕಂಠದಿಂದಲೂ, ಪಕ್ಕದಲ್ಲಿರುವವನೊಡನೆ ಉರಸ್ಸಿನಿಂದಲೂ ನುಡಿಯಬೇಕೆಂದು ನಿಯಮಿಸಿರುವನು. ಉಚ್ಚ, ದೀಪ್ತ, ಮಂದ್ರ, ನೀಚ, ದ್ರುತ, ವಿಲಂಬಿತಗಳೆಂಬ ಆರು ಪಾಠ್ಯಾಲಂಕಾರಗಳಲ್ಲಿ ಮೊದಲ ನಾಲ್ಕು ಇದೇ ತಳಹದಿಯ ಮೇಲೆ ನಿಂತಿರುವುವು. ಇದರಿಂದ ತಿಳಿಯಬರುವುದೇನೆಂದರೆ, ರಂಗದ ದನಿಗೆ ಏರಿಳಿತ ಮಾತ್ರವಲ್ಲದೆ ಎಡೆಯೂ ಉಂಟು. ಮಾತು ಯಾರಿಂದ ಹೊರಟಿತು, ಯಾರಿಗೆ ಹೊರಟಿತು, ನಡುವಣ ಅಂತರವೆಷ್ಟು ಎಂಬ ಮೂರು ಸಂಗತಿಗಳನ್ನು ಪದಗಳ ಅರ್ಥಕ್ಕಿಂತ ಮೊದಲೇ ದನಿಯು ತಿಳಿಸುವುದು.

ಈಗ ಪೂರ್ವಪಕ್ಷವನ್ನು ಪಕ್ಷಪಾತವಿಲ್ಲದೆ ಎತ್ತಿ ಹೇಳಬೇಕು. ಶಾಸ್ತ್ರವು ಹೇಳಿದ ಅಳತೆಯ ಮಂಟಪವೂ, ಆ ಕಾಲದ ನಿಶ್ಶಬ್ದವೂ ಇಂದು ಎಲ್ಲಿವೆ? ಸಾವಿರಾರು ಜನರು ಸೇರುವ ಬಯಲು, ಪಕ್ಕದ ರಸ್ತೆಯ ವಾಹನಗಳ ಗದ್ದಲ, ವಿದ್ಯುಜ್ಜನಕ ಯಂತ್ರದ ಗುಡುಗು, ಆಗುಂಬೆಯ ಸೀಮೆಯಲ್ಲಿ ತಗಡಿನ ಮಾಡಿನ ಮೇಲೆ ಸುರಿಯುವ ಮಳೆ, ಇವುಗಳೆದುರು ಮನುಷ್ಯನ ಕಂಠವು ಏನುತಾನೇ ಮಾಡೀತು? ರಾತ್ರಿಯಿಡೀ ಕುಣಿದು ನುಡಿಯುವ ಕಲಾವಿದನು ಕೂಗಿ ಕೂಗಿ ಗಂಟಲನ್ನು ಕೆಡಿಸಿಕೊಳ್ಳುವುದು ಧರ್ಮವೇ? ಕಿವಿ ಮಂದವಾದ ವೃದ್ಧರೂ ಆಟವನ್ನು ಕೇಳಬೇಡವೇ? ಈ ಆಕ್ಷೇಪಗಳಲ್ಲಿ ಒಂದೂ ತಳ್ಳಿಹಾಕತಕ್ಕುದಲ್ಲ.

ಮತ್ತೊಂದು ಬಲವಾದ ಯುಕ್ತಿಯೂ ಆ ಪಕ್ಷಕ್ಕೆ ಉಂಟು. ಯಕ್ಷಗಾನದಲ್ಲಿ ೨೦ನೆಯ ಶತಮಾನದ ನಡುಭಾಗದಲ್ಲಿ ಡೇರೆಯ ಮೇಳಗಳು ಹಬ್ಬಿದಂತೆ ಧ್ವನಿವರ್ಧಕವೂ ಹಬ್ಬಿತು. ಭಾಗವತರ ಮುಂದೆ ಒಂದು, ವೇಷಧಾರಿಗಳಿಗಾಗಿ ರಂಗದ ಮೇಲೆ ತೂಗಿದ್ದೋ ನಿಂತದ್ದೋ ಒಂದೆರಡು, ಹೀಗೆ ಮೈಕುಗಳ ಏರ್ಪಾಡಾಯಿತು. ಭಾಗವತಿಕೆಗೆ ಇದರಿಂದ ಲಾಭವಾಗದಿರಲಿಲ್ಲ. ಚಂಡೆಯನ್ನು ಮೀರಿ ಕೇಳಿಸುವುದಕ್ಕೆಂದೇ ಏರುಶ್ರುತಿಯಲ್ಲಿ ಹಾಡುವ ಅನಿವಾರ್ಯತೆಯು ತಗ್ಗಿ, ರಾಗದ ಸೂಕ್ಷ್ಮವಾದ ಎಳೆಗಳಿಗೆ ಅವಕಾಶವಾಯಿತು. ಆದರೆ ವೇಷಧಾರಿಯು ಪದ್ಯಕ್ಕೆ ರಂಗಸ್ಥಳವನ್ನೆಲ್ಲ ತುಂಬಿ ಕುಣಿದು, ಅರ್ಥ ಹೇಳುವ ಹೊತ್ತಿಗೆ ಮೈಕು ಇದ್ದ ಕಡೆಗೆ ಬಂದು ನಿಲ್ಲಬೇಕಾಯಿತು. ಎದುರಾಳಿಗಳಾದ ಕರ್ಣಾರ್ಜುನರು ಒಬ್ಬರನ್ನೊಬ್ಬರು ದಿಟ್ಟಿಸುವುದನ್ನು ಬಿಟ್ಟು ಸಭೆಯ ಕಡೆಗೆ ಮುಖಮಾಡಿ ಒಂದೇ ಸಾಲಿನಲ್ಲಿ ನಿಲ್ಲುವುದು ಬಹುಮಟ್ಟಿಗೆ ಈ ಕಂಬದ ಕೃಪೆ. ದೇಹಲಗ್ನವಾದ ನಿಸ್ತಂತು ಸಾಧನವು ಈ ಕಟ್ಟನ್ನು ಬಿಡಿಸುವುದು. ನಟನು ಬೇಕಾದಲ್ಲಿಗೆ ಹೋಗಿ, ಬೇಕಾದವನ ಕಡೆಗೆ ತಿರುಗಿ, ಕುಣಿತದ ನಡುವೆಯೇ ನುಡಿಯಬಹುದು. ಆಂಗಿಕಕ್ಕೆ ಇದು ದೊಡ್ಡ ಉಪಕಾರವೆಂಬುದನ್ನು ಒಪ್ಪಲೇಬೇಕು.

ಆದರೆ ಈ ಉಪಕಾರದ ಬೆಲೆಯನ್ನು ತೆತ್ತುದು ವಾಚಿಕ. ನಿಂತ ಮೈಕಿನ ಮುಂದೆ ನಟನು ಹತ್ತಿರ ಬಂದರೆ ದನಿಯು ಹತ್ತಿರವಾಗಿಯೂ, ಹಿಂದೆ ಸರಿದರೆ ದೂರವಾಗಿಯೂ ಕೇಳಿಸುತ್ತಿತ್ತು. ಕುಂದಿದ್ದರೂ ಅಂತರವೆಂಬುದು ಒಂದಿಷ್ಟು ಉಳಿದಿತ್ತು. ಕೆನ್ನೆಗೆ ಅಂಟಿದ ಮೈಕಿಗೆ ನಟನು ರಂಗದ ಅಂಚಿನಲ್ಲಿದ್ದರೂ ಒಂದೇ, ಹಿಂದಣ ಪರದೆಯ ಬಳಿಯಿದ್ದರೂ ಒಂದೇ. ಬಾಯಿಗೂ ಅದಕ್ಕೂ ನಡುವೆ ಇರುವುದು ಯಾವಾಗಲೂ ಎರಡು ಮೂರು ಅಂಗುಲವೇ. ಆದುದರಿಂದ ರಂಗದ ಮೇಲಿನ ಎಲ್ಲ ಪಾತ್ರಗಳೂ ಪ್ರೇಕ್ಷಕನಿಂದ ಸಮಾನ ದೂರದಲ್ಲಿ ನಿಂತು ನುಡಿದಂತಾಗುವುದು. ಮೊದಲಿನದು ದೇಹವನ್ನು ಕಂಬಕ್ಕೆ ಕಟ್ಟಿತು; ಎರಡನೆಯದು ದೇಹವನ್ನು ಬಿಟ್ಟು ದನಿಯನ್ನು ಕಟ್ಟಿತು.

ಇದಕ್ಕೆ ಭೌತಶಾಸ್ತ್ರದ ಕಾರಣವೊಂದು ಉಂಟು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರು ಸಾಗುವುದು. ಯಂತ್ರದ ಮೂಲಕ ಹೋದ ದನಿಯಾದರೋ ಧ್ವನಿವರ್ಧಕವನ್ನು ಹೆಚ್ಚುಕಡಮೆ ಆ ಕ್ಷಣವೇ ಮುಟ್ಟುವುದು. ಪ್ರೇಕ್ಷಕನೊಬ್ಬನು ಧ್ವನಿವರ್ಧಕದಿಂದ ೩ ಮೀಟರು ದೂರದಲ್ಲಿಯೂ ನಟನಿಂದ ೧೩ ಮೀಟರು ದೂರದಲ್ಲಿಯೂ ಕುಳಿತಿದ್ದರೆ, ಯಂತ್ರದ ದನಿಯು ನಟನ ಸ್ವಂತ ದನಿಗಿಂತ ಸೆಕೆಂಡಿನ ನೂರರಲ್ಲಿ ಮೂರು ಪಾಲಿನಷ್ಟು ಮುಂಚಿತವಾಗಿ ಅವನ ಕಿವಿಗೆ ಬೀಳುವುದು. ಹೀಗೆ ಅತ್ಯಲ್ಪ ಕಾಲಾಂತರದಲ್ಲಿ ಎರಡು ಕಡೆಗಳಿಂದ ಬಂದ ಒಂದೇ ಶಬ್ದವನ್ನು ಕಿವಿಯು ಒಂದಾಗಿಯೇ ಗ್ರಹಿಸಿ, ಮೊದಲು ಬಂದ ದಿಕ್ಕೇ ಅದರ ದಿಕ್ಕೆಂದು ನಿಶ್ಚಯಿಸುವುದು. ಜರ್ಮನಿಯ ಹೆಲ್ಮುಟ್ ಹಾಸ್ ಎಂಬ ವಿದ್ವಾಂಸನು ೧೯೪೯ರಲ್ಲಿ ಈ ವಿಷಯವನ್ನು ಪ್ರಯೋಗಗಳಿಂದ ಪರೀಕ್ಷಿಸಿ, ತಡವಾಗಿ ಬಂದ ಶಬ್ದವು ಮೊದಲಿನದಕ್ಕಿಂತ ತಕ್ಕಮಟ್ಟಿಗೆ ಗಟ್ಟಿಯಾಗಿದ್ದರೂ ದಿಕ್ಕಿನ ನಿಶ್ಚಯವು ಮೊದಲಿನದರ ಕಡೆಗೇ ಉಳಿಯುವುದೆಂದು ತೋರಿಸಿದನು. ಹೀಗಾಗಿ ಕಣ್ಣು ನಟನನ್ನು ನೋಡುತ್ತಿರುವಾಗ ಕಿವಿಯು ಪೆಟ್ಟಿಗೆಯ ಕಡೆಗೆ ತಿರುಗುವುದು. ನಾಲ್ವರು ಪಾತ್ರಧಾರಿಗಳಿರುವ ದೃಶ್ಯದಲ್ಲಿ ಈಗ ಮಾತನಾಡಿದವರು ಯಾರೆಂದು ತುಟಿಗಳನ್ನು ಹುಡುಕಿ ತಿಳಿಯಬೇಕಾಗುವುದು.

ಈ ಹಾನಿಯು ಕಾವ್ಯಾರ್ಥವನ್ನು ಎಲ್ಲಿ ಮುಟ್ಟುವುದೆಂಬುದಕ್ಕೆ ಶಾಕುಂತಲದ ಚತುರ್ಥಾಂಕದ ಪ್ರಾರಂಭವೇ ಸಾಕು. ಚಾಮರಾಜೇಂದ್ರ ಒಡೆಯರ ಆಸ್ಥಾನದಲ್ಲಿದ್ದ ಬಸವಪ್ಪಶಾಸ್ತ್ರಿಗಳ ಭಾಷಾಂತರದ ಮೂಲಕ ಈ ನಾಟಕವು ಕನ್ನಡ ರಂಗಕ್ಕೆ ಸ್ವಂತದ್ದೇ ಆಗಿಹೋಗಿರುವುದು. ಅಲ್ಲಿ ಅನಸೂಯಾ ಪ್ರಿಯಂವದೆಯರು ಹೂ ಕೊಯ್ಯುತ್ತಿರುವರು; ಶಕುಂತಲೆಯು ಎಲೆಮನೆಯ ಬಳಿ ದುಷ್ಯಂತನ ಚಿಂತೆಯಲ್ಲಿ ಮುಳುಗಿರುವಳು; ದುರ್ವಾಸನ ದನಿಯು ನೇಪಥ್ಯದಿಂದ ಬರುವುದು. ಸಖಿಯರು ದೂರದಲ್ಲಿದ್ದರೂ ಕೇಳಿದರು, ಹತ್ತಿರದಲ್ಲಿದ್ದವಳು ಕೇಳಲಿಲ್ಲ. ಇಡೀ ನಾಟಕದ ವಿಧಿಯು ಈ ಕೇಳಿದ ಮತ್ತು ಕೇಳದ ಅಂತರದಲ್ಲಿಯೇ ಅಡಗಿರುವುದು. ಕವಿಯು ಶಾಪವನ್ನು ರಂಗದ ಮೇಲೆ ಕಾಣಿಸದೆ ಕೇಳಿಸಿರುವುದು ಇದಕ್ಕಾಗಿಯೇ. ಈ ಸನ್ನಿವೇಶದಲ್ಲಿ ನೇಪಥ್ಯದ ಋಷಿಯೂ ರಂಗದ ಸಖಿಯರೂ ಅವೇ ಎರಡು ಪೆಟ್ಟಿಗೆಗಳಿಂದ ಒಂದೇ ಗಾತ್ರದಲ್ಲಿ ನುಡಿದರೆ, ಶಾಪವು ದೂರದಿಂದ ಬಂದುದೆಂಬ ಅರಿವೇ ಹುಟ್ಟುವುದಿಲ್ಲ. ಆಗ ಶಕುಂತಲೆಯು ಕೇಳದಿದ್ದುದು ವಿರಹದ ಮಹಿಮೆಯಾಗಿ ತೋರದೆ ಕಿವಿಯ ದೋಷವಾಗಿ ತೋರುವುದು. ಒಂದು ಅಕ್ಷರವೂ ಬಿಟ್ಟುಹೋಗದೆ ಕೇಳಿಸಿದರೂ ನಾಟಕವು ಕೇಳಿಸದೆ ಹೋದಂತಾಯಿತು.

ಬಯಲಾಟದಲ್ಲಿಯೂ ಇದಕ್ಕೆ ಸಮಾನವಾದ ಉದಾಹರಣೆಯುಂಟು. ದೇವೀಮಹಾತ್ಮ್ಯೆಯ ಪ್ರಸಂಗದಲ್ಲಿ ಮಹಿಷಾಸುರನು ರಂಗದ ಬಾಗಿಲಿನಿಂದ ಬರದೆ, ಸಭೆಯ ಹಿಂಬದಿಯಿಂದ ಜನರ ನಡುವೆ ನುಗ್ಗಿ ಬರುವ ಪದ್ಧತಿಯುಂಟಷ್ಟೆ. ಬೆನ್ನ ಹಿಂದಿನ ಕತ್ತಲೆಯಿಂದ ಆರ್ಭಟವು ಕೇಳಿ, ಮಕ್ಕಳು ತಾಯಂದಿರ ಸೆರಗನ್ನು ಹಿಡಿದು, ಸಭೆಯೆಲ್ಲ ತಿರುಗಿ ನೋಡುವುದೇ ಆ ಪ್ರವೇಶದ ಜೀವಾಳ. ಮಹಿಷನ ಮೈಗೆ ಮೈಕನ್ನು ಕಟ್ಟಿದರೆ ಆರ್ಭಟವು ಎದುರಿನ ರಂಗದಿಂದ ಮೊದಲು ಕೇಳಿಸಿ, ಅಸುರನು ಮಾತ್ರ ಹಿಂದಿನಿಂದ ಬರುವನು. ಭಯಾನಕಕ್ಕೆ ಆಲಂಬನವಾದವನು ಒಂದೆಡೆ, ಉದ್ದೀಪನವಾದ ದನಿಯು ಮತ್ತೊಂದೆಡೆ ಎಂದಾದರೆ ರಸವು ಪೋಷಣೆಯನ್ನು ಹೊಂದುವುದು ಹೇಗೆ?

ಸ್ವಗತ, ಜನಾಂತಿಕ, ಅಪವಾರಿತಗಳ ವಿಷಯದಲ್ಲಿ ವಿಚಾರವು ಇನ್ನೂ ಸೂಕ್ಷ್ಮವಾದುದು. ಪಕ್ಕದಲ್ಲಿರುವ ಪಾತ್ರಕ್ಕೆ ಕೇಳದು, ದೂರದ ಪ್ರೇಕ್ಷಕನಿಗೆ ಕೇಳುವುದು ಎಂಬ ಒಪ್ಪಂದದ ಮೇಲೆ ಇವು ನಡೆಯುವುವು. ಜನಾಂತಿಕದಲ್ಲಿ ತ್ರಿಪತಾಕಹಸ್ತವನ್ನು ಅಡ್ಡವಿಟ್ಟು ಆ ಒಪ್ಪಂದವನ್ನು ಸೂಚಿಸುವರು. ಇದು ಶುದ್ಧವಾದ ನಾಟ್ಯಧರ್ಮೀ. ಮೈಕಿನಿಂದ ನಟನು ನಿಜವಾಗಿಯೇ ಪಿಸುಗುಟ್ಟಬಹುದಾದುದರಿಂದ ಇಂಥ ಎಡೆಗಳು ಲೋಕಧರ್ಮಿಗೆ ಹತ್ತಿರವಾಗಿ ಸಹಜವಾಗುವುವೆಂದು ಕೆಲವರು ಹೊಗಳುವರು. ಇದರಲ್ಲಿ ಅರ್ಧಸತ್ಯವುಂಟು. ಪಿಸುಮಾತು ಕೇಳಿಸುವುದು ನಿಜ. ಆದರೆ ಸಭೆಯೆಲ್ಲಕ್ಕೂ ಕೇಳುವಂತೆ ಪಿಸುಗುಟ್ಟುವ ವಿದ್ಯೆಯಲ್ಲಿ ನಟನಿಗೂ ಸಭೆಗೂ ಏರ್ಪಡುತ್ತಿದ್ದ ಗುಟ್ಟಿನ ನಂಟು ಅಲ್ಲಿ ಇರುವುದಿಲ್ಲ. ಯಂತ್ರವು ಕದ್ದು ಕೇಳಿ ತಂದ ಮಾತೂ, ಪಾತ್ರವು ನಂಬಿ ಹೇಳಿದ ಮಾತೂ ಒಂದೇ ಅಲ್ಲ.

ವರ್ಣೋಚ್ಚಾರಣೆಯ ವಿಷಯವನ್ನೂ ಹೇಳಬೇಕು. ಹೆಣ್ಣು ಹುಲಿಯು ಮರಿಗಳನ್ನು ಹಲ್ಲಿನಲ್ಲಿ ಕಚ್ಚಿ ಒಯ್ಯುವಾಗ ನೋಯಿಸದೆಯೂ ಬೀಳಿಸದೆಯೂ ಇರುವಂತೆ ಅಕ್ಷರಗಳನ್ನು ನುಡಿಯಬೇಕೆಂಬುದು ಪಾಣಿನೀಯ ಶಿಕ್ಷೆಯ ಉಪದೇಶ. ಬಾಯಿಗೆ ತೀರ ಸಮೀಪದಲ್ಲಿರುವ ಮೈಕು ಈ ಹದವನ್ನು ಕೆಡಿಸುವುದು. ಮಹಾಪ್ರಾಣಗಳ ಉಸಿರು ಗಾಳಿಯ ಹೊಡೆತವಾಗಿ ಸಿಡಿಯುವುದು. ಶಷಸಗಳು ಸೀಟಿಯಂತೆ ಚುಚ್ಚುವುವು. ತೀರ್ಥಹಳ್ಳಿ ಸೀಮೆಯ ಕುಪ್ಪಳಿಯವರಾದ ಕುವೆಂಪುರವರ ‘ಸ್ಮಶಾನ ಕುರುಕ್ಷೇತ್ರಂ’ ಮೊದಲಾದ ನಾಟಕಗಳ ಪ್ರೌಢಬಂಧದಲ್ಲಿ ಒತ್ತಕ್ಷರಗಳೂ ಮಹಾಪ್ರಾಣಗಳೂ ಓಜೋಗುಣವನ್ನು ಹೊರುವುವು. ಅವುಗಳ ಭಾರವನ್ನು ಎದೆಯಿಂದ ಎತ್ತಿ ಕೊಡುವ ನಟನಿಗೂ, ಅವು ಸಿಡಿಯದಂತೆ ಅಂಜಿ ಮೆಲ್ಲನೆ ನುಡಿಯುವ ನಟನಿಗೂ ಅಂತರವು ಬಹಳ. ಅಂಜಿ ನುಡಿದ ಓಜಸ್ಸು ಓಜಸ್ಸೇ ಅಲ್ಲ. ಇನ್ನು ಯಕ್ಷಗಾನದ ವೇಷದಲ್ಲಿಯಂತೂ ಎದೆಕಟ್ಟು, ಭುಜಕೀರ್ತಿಗಳ ತಾಕಲಾಟವೂ, ಬೆವರಿನ ತೇವವೂ ಮೈಕಿನ ಬಾಯಿಗೆ ಬಂದು ಸೇರುವುವು. ರಾಮನು ಭರತನನ್ನು ತಬ್ಬಿಕೊಂಡಾಗ ಒಬ್ಬನ ಮೈಕು ಮತ್ತೊಬ್ಬನ ದನಿಯನ್ನೂ ಹಿಡಿದು, ಎರಡೂ ಕೂಡಿ ಕೊಳವೆಯಲ್ಲಿ ಮಾತನಾಡಿದಂತೆ ಟೊಳ್ಳಾಗಿ ಕೇಳಿಸುವುದು. ಕರುಣವು ಉಕ್ಕಬೇಕಾದ ಎಡೆಯಲ್ಲಿಯೇ ಉಪಕರಣವು ತನ್ನ ಇರವನ್ನು ತೋರುವುದು ದೊಡ್ಡ ರಸವಿಘ್ನ.

ಈ ದೋಷಗಳಲ್ಲಿ ಹಲವನ್ನು ನಿಪುಣರು ತಿದ್ದಬಲ್ಲರು. ತಿದ್ದಲಾಗದುದು ಅಧಿಕಾರದ ಪ್ರಶ್ನೆ. ಕಂಠವು ನಟನದಾಗಿದ್ದಾಗ ಎಲ್ಲಿ ಏರಿಸಬೇಕು, ಎಲ್ಲಿ ಇಳಿಸಬೇಕು ಎಂಬುದನ್ನು ಸಭೆಯ ಉಸಿರನ್ನು ನೋಡಿಕೊಂಡು ಅವನೇ ಆ ಕ್ಷಣದಲ್ಲಿ ನಿರ್ಣಯಿಸುತ್ತಿದ್ದನು. ಈಗ ಆ ನಿರ್ಣಯದ ಕಡೆಯ ಕೈಯು ಧ್ವನಿನಿಯಾಮಕನದು. ನಟನು ಮಂದ್ರಕ್ಕೆ ಇಳಿದರೆ ಅವನು ಕೇಳಿಸದೆಂದು ಏರಿಸುವನು. ದೀಪ್ತಕ್ಕೆ ಏರಿದರೆ ಕರ್ಕಶವೆಂದು ತಗ್ಗಿಸುವನು. ಆರು ಅಲಂಕಾರಗಳಲ್ಲಿ ನಾಲ್ಕು ಹೀಗೆ ಸಮತಟ್ಟಾಗಿ, ದ್ರುತವಿಲಂಬಿತಗಳೆರಡು ಮಾತ್ರ ನಟನ ಪಾಲಿಗೆ ಉಳಿಯುವುವು. ಇದರಲ್ಲಿ ನಿಯಾಮಕನ ಅಪರಾಧವೇನೂ ಇಲ್ಲ. ನಾಟಕವನ್ನು ಓದಿಸದೆ ಗುಂಡಿಗಳನ್ನು ಮಾತ್ರ ಅವನ ಕೈಗೆ ಕೊಟ್ಟವರದು ಅಪರಾಧ.

ಹಾಗಾದರೆ ಈ ಸಾಧನವು ಸರ್ವಥಾ ತ್ಯಾಜ್ಯವೇ ಎಂದರೆ, ಅಲ್ಲ. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಕುಳಿತಲ್ಲಿಯೇ ವಾದಿಸುವರು. ಅಲ್ಲಿ ಚಲನೆಯ ಅಂತರವೆಂಬುದೇ ಇಲ್ಲದುದರಿಂದ ಮೈಕು ಅರ್ಥಗಾರಿಕೆಯ ನಯಕ್ಕೆ ನೆರವಾಗಿರುವುದು. ಬಹುಜನ ಸೇರುವ ಬಯಲಿನಲ್ಲಿ ಧ್ವನಿವರ್ಧನವು ಅನಿವಾರ್ಯವಾದರೆ, ದೇಹವನ್ನು ಕಟ್ಟುವ ಕಂಬಕ್ಕಿಂತ ದೇಹಲಗ್ನವಾದುದೇ ವಾಸಿ. ಆದರೆ ಶಾಸ್ತ್ರೋಕ್ತ ಪ್ರಮಾಣಕ್ಕೆ ಹತ್ತಿರವಾದ ನಾಟ್ಯಗೃಹದಲ್ಲಿ ಶಿಕ್ಷಿತನಾದ ನಟನಿಗೆ ಇದನ್ನು ಕಟ್ಟುವುದು ಕಾಲಿರುವವನಿಗೆ ಊರುಗೋಲು ಕೊಟ್ಟಂತೆ. ೧೯೨೬ರಲ್ಲಿ ಕಾಲವಾದ ಎ. ವಿ. ವರದಾಚಾರ್ಯರು ಯಂತ್ರದ ನೆರವಿಲ್ಲದೆಯೇ ಕನ್ನಡ ರಂಗದಲ್ಲಿ ಕೀರ್ತಿಯನ್ನು ಪಡೆದರು. ಪಾಶ್ಚಾತ್ಯರಲ್ಲಿಯೂ ಒಪೆರಾ ಸಂಪ್ರದಾಯದ ಗಾಯಕರು ದೊಡ್ಡ ವಾದ್ಯಮೇಳದೆದುರು ತಮ್ಮ ಕಂಠವನ್ನೇ ನಂಬಿ ಹಾಡುವ ವ್ರತವನ್ನು ಬಹುಮಟ್ಟಿಗೆ ಉಳಿಸಿಕೊಂಡಿರುವರು.

ಬಳಸಲೇಬೇಕಾದಲ್ಲಿ ಕೆಲವು ನಿಯಮಗಳು ಅವಶ್ಯಕ. ಒಂದು: ನಟನ ಸ್ವಂತ ದನಿಯೇ ಪ್ರೇಕ್ಷಕನನ್ನು ಮೊದಲು ಮುಟ್ಟುವಂತೆ ಯಂತ್ರದ ದನಿಯನ್ನು ಸೆಕೆಂಡಿನ ಕೆಲವೇ ಶತಾಂಶಗಳಷ್ಟು ತಡೆದು ಬಿಡಬೇಕು, ಇದನ್ನು ಮಾಡಬಲ್ಲ ಉಪಕರಣಗಳು ಇಂದು ದೊರೆಯುವುವು. ಎರಡು: ವರ್ಧನವು ನಟನ ದನಿಗೆ ಬೆಂಬಲವಾಗಿರಬೇಕೇ ಹೊರತು ಅದನ್ನು ಮುಳುಗಿಸಬಾರದು. ಮೂರು: ನೇಪಥ್ಯದ ದನಿಗೂ ಸಭೆಯ ಹಿಂದಿನಿಂದ ಬರುವ ಪಾತ್ರಕ್ಕೂ ಮೈಕನ್ನು ಮುಚ್ಚಿಡಬೇಕು, ಇಲ್ಲವೆ ಆ ದಿಕ್ಕಿನಲ್ಲಿಯೇ ಧ್ವನಿವರ್ಧಕವನ್ನು ಇಡಬೇಕು. ನಾಲ್ಕು: ಧ್ವನಿನಿಯಾಮಕನು ಅಭ್ಯಾಸದ ದಿನಗಳಿಂದಲೂ ಹಾಜರಿದ್ದು, ಮೃದಂಗವಾದಕನು ಗಾಯಕನನ್ನು ಅರಿಯುವಂತೆ ನಾಟಕವನ್ನು ಅರಿಯಬೇಕು. ಐದು: ಅಭ್ಯಾಸವೆಲ್ಲ ಮೈಕಿಲ್ಲದೆಯೇ ನಡೆದು, ಕಡೆಯ ಒಂದೆರಡು ದಿನ ಮಾತ್ರ ಅದು ಮೈಗೆ ಬರಬೇಕು.

ಈ ಐದನೆಯದೇ ಎಲ್ಲಕ್ಕೂ ಮಿಗಿಲಾದುದು. ಯಂತ್ರವು ಕೆಟ್ಟರೆ ಮತ್ತೊಂದನ್ನು ತರಬಹುದು. ಬಳಕೆ ತಪ್ಪಿದ ಕಂಠವಿದ್ಯೆಯನ್ನು ಅಂಗಡಿಯಿಂದ ತರಲಾಗದು. ಇಂದಿಗೂ ಮೈಕಿಲ್ಲದೆ ನುಡಿದು ಪಳಗಿದ ಹಿರಿಯ ನಟರಿರುವುದರಿಂದ, ಮೈಗೆ ಮೈಕು ಬಂದರೂ ಅವರ ದನಿಯಲ್ಲಿ ಉರಸ್ಸು, ಕಂಠ, ಶಿರಸ್ಸುಗಳು ಬೇರೆಬೇರೆಯಾಗಿಯೇ ಕೇಳಿಸುವುವು. ಅವರ ಮುಂದೆ ಕುಳಿತು ಕಲಿಯುವ ಹುಡುಗನಿಗೆ ಮೊದಲ ದಿನವೇ ಮೈಕನ್ನು ಕಟ್ಟಿದರೆ ಅವನಿಗೆ ತಿಳಿಯುವುದು ಒಂದೇ ಸ್ಥಾನ. ಊರೂರಿನ ಬೇರೆಬೇರೆ ರಂಗಗಳಲ್ಲಿ, ಇಂದಿನ ಗೋಡೆ ಹೀಗೆ, ನಾಳೆಯ ಬಯಲು ಹಾಗೆ ಎಂದು ದನಿಯನ್ನು ಅಳೆದು ಎಸೆಯುವ ತಿರುಗಾಟದ ವಿದ್ಯೆಯು ಆ ಹುಡುಗನೊಂದಿಗೇ ನಿಂತುಹೋಗುವುದು. ನಗರದ ಸೀಮೆಯ ಶಾಲೆಗಳೂ ಮೇಳಗಳೂ ಈ ವಿದ್ಯೆಯನ್ನು ಕಲಿಸುವಷ್ಟು ಕಾಲ ದೇಹಲಗ್ನ ಧ್ವನಿಗ್ರಾಹಕವು ಸೇವಕನಾಗಿ ಉಳಿಯುವುದು. ಕಲಿಸುವುದನ್ನು ಬಿಟ್ಟ ದಿನದಿಂದ ಅದನ್ನು ಬೇಡವೆನ್ನುವ ಶಕ್ತಿಯು ರಂಗಭೂಮಿಗೆ ಇರುವುದಿಲ್ಲ.